ಎಳ್ಳಮಾಸಿಯ ಒಂದು ಬಟ್ಟಲು ಭಜ್ಜಿ

ದೀಪಾವಳಿ ಮುಗಿದ ಮೇಲಿನ ಮೊದಲ ಮಂಗಳವಾರ ಮುಡಬಿ ಹಳ್ಳಿಯ ಅವ್ವ ನಮ್ಮ ಡಯಾಲಿಸಿಸ್ ಘಟಕದ ಬಾಗಿಲು ದಾಟಲಾರದೆ ನಿಂತುಬಿಟ್ಟರು. ಅಲ್ಲಿ ಮೆಟ್ಟಿಲೇನೂ ಇಲ್ಲ. ಗಾಲಿಕುರ್ಚಿ ಸಲೀಸಾಗಿ ಬರಲೆಂದು ನೆಲ ಸಮ ಮಾಡಿಸಿದ್ದಾರೆ, ತೆಳ್ಳಗಿನ ಕಲ್ಲಿನ ಪಟ್ಟಿಯೊಂದು ಮಾತ್ರ ಉಳಿದಿದೆ. ಅವ್ವ ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದು ಕೈಯಿಂದ ತಮ್ಮ ತೊಡೆಯನ್ನೇ ಎತ್ತಿ ಆಚೆ ಇಡಲು ನೋಡುತ್ತಿದ್ದರು.

"ತಂಗಿ, ಈ ಕಾಲು ನಂದಲ್ಲ ಅನ್ನಂಗ ಆಗ್ಯದ ನೋಡು," ಎಂದರು.

ನಾನು ಹುಮನಾಬಾದಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಮನೆ ಬಸವಕಲ್ಯಾಣದಲ್ಲಿ. ಬೆಳಗಿನ ಬಸ್ಸಿಗೆ ಬಂದು ಯಂತ್ರಗಳನ್ನು ತೊಳೆದು ಸಿದ್ಧಮಾಡುವುದರಿಂದ ನನ್ನ ದಿನ ಶುರುವಾಗುತ್ತದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಶುದ್ಧಮಾಡಿ ಮರಳಿ ಅವರ ಮೈಗೆ ಸೇರಿಸುವುದು ನಮ್ಮ ಕೆಲಸ. ಹೆಚ್ಚಿನವರು ವಾರಕ್ಕೆ ಎರಡು ಸಲ ಬರುತ್ತಾರೆ. ಒಂದು ಪಾಳಿಯಿಂದ ಇನ್ನೊಂದು ಪಾಳಿಯವರೆಗೆ ಅವರು ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ತಿಂದ ಕಾಳು, ಸೊಪ್ಪು, ಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಎಂಬ ಲವಣ ರಕ್ತದಲ್ಲೇ ಉಳಿಯುತ್ತದೆ. ನೀರು ಹೆಚ್ಚಾದರೆ ತೂಕದ ಯಂತ್ರ ಹೇಳಿಬಿಡುತ್ತದೆ. ಪೊಟ್ಯಾಸಿಯಂ ಹೆಚ್ಚಾದರೆ ಯಾವ ತೂಕವೂ ಹೇಳುವುದಿಲ್ಲ. ಮೊದಲು ಕಾಲುಗಳು ಸೋಲುತ್ತವೆ, ಆಮೇಲೆ ಹೃದಯ.

ಆದ್ದರಿಂದ ಅವ್ವನ ಮಾತು ಕೇಳಿದ್ದೇ ನಾನು ತೂಕ ನೋಡಲು ನಿಲ್ಲಲಿಲ್ಲ. ಹಾಸಿಗೆಗೆ ಎತ್ತಿ ಮಲಗಿಸಿ ಇಸಿಜಿ ತೆಗೆದೆವು. ಕಾಗದದ ಮೇಲೆ ಗೆರೆಗಳು ಗುಡಾರದ ತುದಿಗಳಂತೆ ಚೂಪಾಗಿ ಎದ್ದಿದ್ದವು. ವೈದ್ಯರು ಓಡಿ ಬಂದರು. ಹೃದಯಕ್ಕೆ ರಕ್ಷಣೆಯಾಗಲೆಂದು ಕ್ಯಾಲ್ಸಿಯಂ ಚುಚ್ಚುಮದ್ದನ್ನು ನಿಧಾನವಾಗಿ ಕೊಟ್ಟರು. ಅಷ್ಟರಲ್ಲಿ ನಾನು ಅವ್ವನ ಎಡಗೈಯ ಉಬ್ಬಿದ ನರದಲ್ಲಿ ಎರಡು ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದೆ. ಪರೀಕ್ಷೆಗೆ ಕಳಿಸಿದ ರಕ್ತದ ವರದಿ ಬಂದಾಗ ಪೊಟ್ಯಾಸಿಯಂ ಏಳನ್ನು ದಾಟಿತ್ತು. ಐದರ ಆಸುಪಾಸಿನಲ್ಲಿದ್ದರೆ ನಾವು ನೆಮ್ಮದಿಯಿಂದಿರುತ್ತೇವೆ. ಮೊದಲ ಒಂದು ಗಂಟೆ ನಾನು ಅವ್ವನ ಪಕ್ಕ ಬಿಟ್ಟು ಕದಲಲಿಲ್ಲ. ಪರದೆಯ ಮೇಲಿನ ಗೆರೆ ಮೆಲ್ಲಗೆ ತನ್ನ ಹಳೆಯ ಆಕಾರಕ್ಕೆ ಮರಳುವುದನ್ನು ನೋಡುತ್ತ ಕುಳಿತಿದ್ದೆ.

ಕಾಲಲ್ಲಿ ಶಕ್ತಿ ಬಂದ ಮೇಲೆ ವೈದ್ಯರು ಕೇಳಿದರು, "ಅವ್ವಾ, ಹಬ್ಬದಾಗ ಏನ್ ತಿಂದ್ರಿ? ಖರೇ ಹೇಳ್ರಿ, ಬೈಯಂಗಿಲ್ಲ."

"ಏನೂ ತಿಂದಿಲ್ರೀ ಸಾಹೇಬ್ರ. ಕರ್ಚಿಕಾಯಿ ಮುಟ್ಟಿಲ್ಲ, ಉಂಡಿ ಮುಟ್ಟಿಲ್ಲ. ಬಾಳಿಹಣ್ಣು ದೇವರ ಮುಂದ ಇಟ್ಟಿದ್ದು, ನೆರೆಮನಿಯವರಿಗೆ ಕೊಟ್ಟೀನಿ."

ಅವ್ವನ ಮಗ ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ತಾಯಿಯನ್ನು ಬಿಟ್ಟು ಕೆಲಸಕ್ಕೆ ಹೋಗುವುದು, ಮರಳುವಾಗ ಕರೆದುಕೊಂಡು ಹೋಗುವುದು ಅವನ ರೂಢಿ. ಅಂದು ಸೊಸೆಯೂ ಜೊತೆಗೆ ಬಂದಿದ್ದಳು. ಅಡುಗೆಮನೆ ಅವಳದೇ. ಮಗ ಹೊರಗಿನ ಬೆಂಚಿನ ಬಳಿ ಅವಳ ಮೇಲೆ ರೇಗುತ್ತಿದ್ದುದು ಒಳಗೆ ನಮಗೆಲ್ಲ ಕೇಳುತ್ತಿತ್ತು.

"ಏನ್ ಹಾಕ್ದಿ ಅವ್ವಗ? ಡಾಕ್ಟರ್ ಹೇಳಿದ್ದು ತಿಳೀಲಿಲ್ಲೇನು ನಿನಗ?"

"ಹೇಳಿದ್ದೇ ಮಾಡೀನ್ರಿ," ಎಂದು ಅವಳು ಮೆತ್ತಗೆ ಹೇಳಿದಳು.

ಹಬ್ಬದ ಕಾಲ ಎಂದರೆ ನಮ್ಮ ಘಟಕದಲ್ಲಿ ಹೀಗೆಯೇ. ಗಣೇಶ ಚೌತಿಯಿಂದ ಶುರುವಾಗಿ ಸಂಕ್ರಾಂತಿಯವರೆಗೆ ಯಾರಾದರೊಬ್ಬರು ಉಸಿರು ಎಳೆಯುತ್ತ ಬರುತ್ತಾರೆ. ಹೋಳಿಗೆ ಸಾರು ಒಂದು ಬಟ್ಟಲು ಹೆಚ್ಚಾಯಿತು, ಬಂಧುಗಳು ಬಂದರೆಂದು ಚಹಾ ನಾಲ್ಕು ಸಲವಾಯಿತು, ಊರಿಗೆ ಹೋದವರು ಪಾಳಿಯನ್ನೇ ತಪ್ಪಿಸಿದರು. ಹೀಗೆ ಬಂದವರು ಸಾಮಾನ್ಯವಾಗಿ ಮೊದಲು ಇಲ್ಲ ಎನ್ನುತ್ತಾರೆ, ಅರ್ಧ ಗಂಟೆಯ ನಂತರ ತಾವೇ ಹೇಳುತ್ತಾರೆ. ಅವ್ವ ಹೇಳಲಿಲ್ಲ. ಶುಕ್ರವಾರದ ಪಾಳಿಗೆ ಬಂದಾಗ ಪೊಟ್ಯಾಸಿಯಂ ಮತ್ತೆ ಏರಿತ್ತು. ಆಗಲೂ ಅವರ ಮಾತು ಅದೇ. ಸೊಸೆಯ ಕಣ್ಣು ಊದಿಕೊಂಡಿತ್ತು.

ನನಗೆ ಅವರಿಬ್ಬರ ಮಾತು ಸುಳ್ಳೆನಿಸಲಿಲ್ಲ. ಸೊಸೆಯನ್ನು ಕರೆದು, ಮುಂದಿನ ಪಾಳಿಗೆ ಬರುವಾಗ ಮನೆಯಲ್ಲಿ ಅವ್ವನಿಗೆ ಏನು ಬಡಿಸುತ್ತೀರೋ ಅದನ್ನೇ ಡಬ್ಬಿಯಲ್ಲಿ ತರಲು ಹೇಳಿದೆ. ನನಗೆ ತೋರಿಸಲೆಂದು ಬೇರೆ ಮಾಡಬೇಡಿ ಎಂದೂ ಹೇಳಿದೆ.

ಮಂಗಳವಾರ ಡಬ್ಬಿ ಬಂತು. ಅನ್ನ, ತೆಳು ಬೇಳೆಸಾರು, ಹೀರೇಕಾಯಿ ಪಲ್ಯ, ಎರಡು ಜೋಳದ ರೊಟ್ಟಿ. ಎಲ್ಲವೂ ನಾವು ಹೇಳಿಕೊಟ್ಟ ಪ್ರಕಾರವೇ ಇತ್ತು. ಹೀರೇಕಾಯಿಯನ್ನು ಬೇಯಿಸಿದ ನೀರನ್ನು ಚೆಲ್ಲಿದ್ದೇನೆ ಎಂದಳು. ನಾನು ಸಾರನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟೆ. ಉಪ್ಪು ಇತ್ತು, ಆದರೆ ಅದರ ಹಿಂದೆಯೇ ಒಂದು ಕಹಿ ಬಂದು ನಾಲಿಗೆಯ ಹಿಂಬದಿಯಲ್ಲಿ ಕೂತಿತು. ಪಲ್ಯದಲ್ಲೂ ಅದೇ ಕಹಿ. ರೊಟ್ಟಿಯಲ್ಲಿ ಮಾತ್ರ ಇರಲಿಲ್ಲ.

"ಇದು ಜರಾ ಕಹಿ ಅದ ಅಲ್ಲ?" ಎಂದೆ.

ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಅವ್ವನೇ ಉತ್ತರ ಕೊಟ್ಟರು. "ಹೌದು ತಂಗಿ. ಹಬ್ಬದ ಮುಂದಿಂದ ಎಲ್ಲಾ ಹಂಗೇ ಹತ್ತಾಕತ್ತದ. ರೋಗದ ಬಾಯಿ ಅಂತ ಸುಮ್ಮ ಅದೀನಿ."

"ನನಗೂ ಹತ್ತತದ್ರಿ ಅಕ್ಕಾ," ಎಂದಳು ಸೊಸೆ. "ಅದು ಉಪ್ಪಿಂದು. ಹೊಸ ಉಪ್ಪು ಹಂಗೇ ಇರ್ತದ ಅಂತ ನಾ ತಿಳಕೊಂಡಿದ್ದೆ."

"ಯಾವ ಹೊಸ ಉಪ್ಪು?"

"ಬಿಪಿ ಇದ್ದೋರಿಗೆ ಚಲೋ ಅಂತಾರಲ್ರಿ, ಅದು. ಇವರು ತಂದಾರ."

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಅಂಗಡಿಗಳಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಮಾಮೂಲು ಉಪ್ಪಿನ ಒಂದು ಭಾಗ ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ಇರುವ ಲವಣವನ್ನು ಸೇರಿಸಿರುತ್ತಾರೆ. ಮೂತ್ರಪಿಂಡ ಗಟ್ಟಿಯಿರುವ ರಕ್ತದೊತ್ತಡದವರಿಗೆ ಅದು ಒಳ್ಳೆಯದೇ ಇರಬಹುದು. ನಮ್ಮ ಹಾಸಿಗೆಗಳ ಮೇಲೆ ಮಲಗುವವರಿಗೆ ಅದು ವಿಷ. ಉಪ್ಪು ಕಡಿಮೆ ಮಾಡಿ ಎಂದು ನಾವು ಹೇಳಿದ್ದೆವು. ತಾಯಿಗೆ ಸಪ್ಪೆ ಊಟ ಸೇರುತ್ತಿಲ್ಲವೆಂದು ಮರುಗಿದ ಮಗ, ಪಾಳಿ ಮುಗಿಸಿ ಬರುವಾಗ ದೊಡ್ಡ ಅಂಗಡಿಗೆ ಹೋಗಿ, ಕೇಳಿ, ಆರೋಗ್ಯದ ಉಪ್ಪೆಂದು ತಂದುಕೊಟ್ಟಿದ್ದ. ದೀಪಾವಳಿಯ ಅಡುಗೆಯೆಲ್ಲ ಅದರಲ್ಲೇ ಆಗಿತ್ತು. ಒಳ್ಳೆಯ ಉಪ್ಪೆಂಬ ಧೈರ್ಯಕ್ಕೆ ಕೈಯೂ ಸ್ವಲ್ಪ ಸಡಿಲವಾಗಿತ್ತು.

ಸಂಜೆ ಅವನು ಬಂದಾಗ ಹೊರಗೆ ಕರೆದು ಹೇಳಿದೆ. ಅವನು ಎರಡು ಸಲ ಕೇಳಿದ. "ಉಪ್ಪೇ ಏನ್ರಿ ಮೇಡಂ? ಉಪ್ಪಿಂದಾನೇ?"

"ಉಪ್ಪಿಂದಾನೇರಿ. ನಿಮ್ಮ ತಪ್ಪಲ್ಲ, ಅದು ಗೊತ್ತಾಗೂ ಮಾತಲ್ಲ. ಇವತ್ತೇ ಆ ಪಾಕೀಟು ಬಿಸಾಕಿ ಮಾಮೂಲಿ ಉಪ್ಪೇ ಹಾಕ್ರಿ, ಚಿಟಿಕಿಯಷ್ಟು."

ಅವನು ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಡತಿಯ ಕಡೆ ನೋಡಿದ. ಆಮೇಲೆ ತನ್ನ ಚಪ್ಪಲಿಯನ್ನು ನೋಡುತ್ತ ನಿಂತ. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಮರುವಾರದಿಂದ ಪೊಟ್ಯಾಸಿಯಂ ಇಳಿಯಿತು. ನಮ್ಮ ಪಾಲಿಗೆ ಪ್ರಕರಣ ಮುಗಿದಿತ್ತು. ನಿಜವಾದ ತೊಂದರೆ ಶುರುವಾದದ್ದು ಆಮೇಲೆ.

ಡಯಾಲಿಸಿಸ್ ಮುಗಿದ ಮೇಲೆ, ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಒಬ್ಬರ ತೂಕ ಎಷ್ಟಿರಬೇಕು ಎಂಬುದಕ್ಕೆ ನಾವು ಡ್ರೈ ವೇಟ್ ಎನ್ನುತ್ತೇವೆ. ಪ್ರತಿ ಪಾಳಿಯಲ್ಲೂ ಆ ಅಂಕಿಯವರೆಗೆ ನೀರು ತೆಗೆಯುತ್ತೇವೆ. ಅವ್ವ ಪ್ರತಿ ಸಲವೂ ಸರಿಯಾಗಿ ಅದೇ ಅಂಕಿಗೆ ಇಳಿಯುತ್ತಿದ್ದರು. ನೋಡಿದವರು ಎಲ್ಲ ಸರಿಯಿದೆ ಎನ್ನಬೇಕು. ಆದರೆ ಕುಪ್ಪಸದ ತೋಳು ಜೋತುಬಿದ್ದಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅಂಗಾತ ಮಲಗಿಸಿದರೆ ಕೆಮ್ಮು ಬರುತ್ತಿತ್ತು. ಹೋಗುವಾಗ ಪಾದ ಒತ್ತಿ ನೋಡಿದರೆ ಬೆರಳಿನ ಗುಳಿ ಹಾಗೆಯೇ ಉಳಿಯುತ್ತಿತ್ತು.

ವೈದ್ಯರಿಗೆ ತೋರಿಸಿದೆ. ಅವರು ಪರೀಕ್ಷೆ ಮಾಡಿ, ರಕ್ತದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೋಡಿಸಿದರು. ತೀರಾ ಕಡಿಮೆ ಬಂತು.

"ಇವರು ಊಟ ಮಾಡವಲ್ಲರು," ಎಂದರು. "ಮೈಯಾಗಿನ ಮಾಂಸ ಕರಗಿ ಹೋಗ್ಯದ, ಅದರ ಜಾಗಾಕ್ಕ ನೀರು ಬಂದು ಕೂತದ. ಅದಕ್ಕ ತೂಕ ಅಷ್ಟೇ ತೋರಿಸ್ತದ."

ಡ್ರೈ ವೇಟನ್ನು ಇಳಿಸಬೇಕಾಯಿತು. ಇಳಿಸುವುದೆಂದರೆ ಪ್ರತಿ ಸಲ ರೂಢಿಗಿಂತ ಸ್ವಲ್ಪ ಹೆಚ್ಚು ನೀರು ತೆಗೆಯುವುದು. ಬೇಗ ತೆಗೆದರೆ ರಕ್ತದೊತ್ತಡ ಕುಸಿಯುತ್ತದೆ, ಮೀನಖಂಡಗಳಲ್ಲಿ ಸೆಳೆತ ಬರುತ್ತದೆ. ಮೊದಲ ದಿನವೇ ಮೂರನೆಯ ಗಂಟೆಯಲ್ಲಿ ಅವ್ವನ ಕಾಲು ಸೆಟೆದುಕೊಂಡಿತು. ನೀರು ತೆಗೆಯುವುದನ್ನು ನಿಲ್ಲಿಸಿ, ಸ್ವಲ್ಪ ಸಲೈನ್ ಬಿಟ್ಟು, ಅವರ ಪಾದವನ್ನು ನನ್ನ ಅಂಗೈಯಲ್ಲಿಟ್ಟು ಮೇಲಕ್ಕೆ ಒತ್ತಿ ಹಿಡಿದೆ. ನೋವು ಇಳಿಯುವವರೆಗೆ ಹಾಗೆಯೇ ಹಿಡಿದಿರಬೇಕು. ಆಗ ಕೇಳಿದೆ.

"ಅವ್ವಾ, ಯಾಕ ಊಟ ಬಿಟ್ಟೀರಿ?"

"ಬಿಟ್ಟಿಲ್ಲ. ಗಂಜಿ ಕುಡೀತೀನಿ."

"ಗಂಜಿ ಅಂದ್ರ ನೀರು. ರೊಟ್ಟಿ ಯಾಕ ಬಿಟ್ರಿ? ಬ್ಯಾಳಿ ಯಾಕ ಬಿಟ್ರಿ? ತಿನ್ನಬಹುದು ಅಂತ ನಾವೇ ಹೇಳೀವಿ."

ಅವರು ಬಾಗಿಲ ಕಡೆ ನೋಡಿ, ಸೊಸೆ ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು. "ನಾ ಏನರ ತಿಂದು ಏನರ ಆದ್ರ, ಮತ್ತ ಇಕಿ ಮ್ಯಾಲೇ ಬರ್ತದ ತಂಗಿ. ಉಪ್ಪಿಂದು ಗೊತ್ತಾತು, ಖರೇ. ಆದ್ರ ಅದರಕಿಂತ ಮುಂಚೆ ಆ ಹುಡುಗಿ ಎಷ್ಟ್ ಮಾತ್ ಕೇಳ್ಯಾಳ. ಅಕ್ಕಪಕ್ಕದವರು ಕೇಳ್ಯಾರ, ನನ್ನ ಮಗ ಕೇಳ್ಯಾನ. ಗಂಜಿ ಕುಡಿದ್ರ ಯಾರಿಗೂ ತಕಲೀಫ್ ಇಲ್ಲ."

ಕಾಲು ಸಡಿಲವಾದ ಮೇಲೆ ನೀರು ತೆಗೆಯುವುದನ್ನು ಮತ್ತೆ ಶುರುಮಾಡಿದೆ. ಇಷ್ಟು ವರ್ಷ ನಾನು ರೋಗಿಗಳಿಗೆ ಕೊಡುತ್ತಿದ್ದ ಉಪದೇಶದಲ್ಲಿ ಹೆಚ್ಚಿನ ಪಾಲು ಯಾವುದನ್ನು ಬಿಡಬೇಕು ಎಂಬುದೇ ಆಗಿತ್ತು. ಅವ್ವ ಎಲ್ಲವನ್ನೂ ಬಿಟ್ಟಿದ್ದರು. ಬಿಟ್ಟವರನ್ನು ಮರಳಿ ಊಟಕ್ಕೆ ಕರೆತರುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಹೊಟ್ಟೆತುಂಬ ತಿನ್ನಿ ಎಂದು ಹೇಳುವುದು ಸುಲಭ. ಆ ಮನೆಯಲ್ಲಿ ಊಟವೇ ಒಂದು ಆಪಾದನೆಯಾಗಿ ಕೂತಿತ್ತು.

ಎಳ್ಳಮಾಸಿ ಹತ್ತಿರವಾಗುತ್ತಿತ್ತು. ಎಳ್ಳ ಅಮಾವಾಸ್ಯೆಯನ್ನು ನಮ್ಮ ಕಡೆ ಹಾಗೆನ್ನುತ್ತೇವೆ. ಅಂದು ಊರಿಗೆ ಊರೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತದೆ. ಬೆಳೆಯ ನಡುವೆ ಪೂಜೆ ಮಾಡಿ, ಮೊದಲ ತುತ್ತನ್ನು ಚರಗವೆಂದು ಹೊಲದ ಸುತ್ತ ಚೆಲ್ಲಿ, ಆಮೇಲೆ ಎಲ್ಲರೂ ನೆಲದ ಮೇಲೆ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಪಾಲಕ್, ಗಜ್ಜರಿ ಎನ್ನುವ ಕ್ಯಾರೆಟ್, ಶೇಂಗಾ, ಹುಣಸೆ, ಹೀಗೆ ಆ ಕಾಲದಲ್ಲಿ ಹೊಲ ಕೊಟ್ಟದ್ದನ್ನೆಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿ, ಕಡಲೆಹಿಟ್ಟು ಹಚ್ಚಿ ಗಟ್ಟಿಮಾಡಿದ ಪಲ್ಯ. ನಮ್ಮ ಘಟಕದ ಗೋಡೆಯ ಮೇಲೆ ತಿನ್ನಬಾರದ ಪದಾರ್ಥಗಳ ಚಿತ್ರಗಳಿವೆ. ಅವುಗಳಲ್ಲಿ ಅರ್ಧಕ್ಕರ್ಧ ಭಜ್ಜಿಯೊಳಗೇ ಇವೆ.

ಮುಂದಿನ ಪಾಳಿಯಲ್ಲಿ ಅವ್ವ ತಾವಾಗಿಯೇ ಆ ಮಾತು ತೆಗೆದರು. ತಾವು ಮದುವೆಯಾಗಿ ಬಂದಾಗಿನಿಂದ ಮನೆಯ ಭಜ್ಜಿಯ ಹದ ತಮ್ಮದೇ ಎಂದರು. ಈ ಸಲ ಹೊಲಕ್ಕೆ ಹೋಗುವುದಿಲ್ಲ, ನೋಡಿದರೆ ಆಸೆಯಾಗುತ್ತದೆ ಎಂದರು. ಅಂದರೆ ಆಸೆ ಇನ್ನೂ ಉಳಿದಿತ್ತು. ಗಂಜಿ ಕುಡಿದು ಬದುಕುತ್ತಿದ್ದವರು ಬೇಕೆಂದು ಹೆಸರಿಟ್ಟು ಹೇಳಿದ ಒಂದೇ ಪದಾರ್ಥ ಅದಾಗಿತ್ತು.

ಆ ಮಧ್ಯಾಹ್ನ ವೈದ್ಯರ ಕೋಣೆಗೆ ಹೋದೆ.

"ಸರ್, ಮುಡಬಿ ಅವ್ವಗ ಎಳ್ಳಮಾಸಿ ಭಜ್ಜಿ ತಿನ್ನಸೂಣು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹೋದ ತಿಂಗಳು ಇಸಿಜಿ ನೋಡೀರಿಲ್ಲೋ?"

"ನೋಡೀನ್ರಿ. ನಾನೇ ತಗದೀನಿ. ಈಗ ಪೊಟ್ಯಾಸಿಯಂನಿಂದ ಅವರು ಸಾಯಂಗಿಲ್ಲ ಸರ್, ಉಪವಾಸದಿಂದ ಸಾಯ್ತಾರ."

"ಒಬ್ಬರಿಗೆ ಹೂಂ ಅಂದ್ರ ಎಲ್ಲಾರೂ ತಿಂತಾರ."

"ಎಲ್ಲಾರಿಗೂ ಬ್ಯಾಡ್ರಿ. ಇವರ ಅಡಗಿ ನಾ ನಿಂತು ಮಾಡಸ್ತೀನಿ."

ಅವರು ಕಿಟಕಿಯ ಕಡೆ ತಿರುಗಿ ಯೋಚಿಸಿದರು. ಸುಲಭಕ್ಕೆ ಒಪ್ಪುವವರಲ್ಲ, ಒಪ್ಪಿದರೆ ಅರ್ಧಕ್ಕೆ ಬಿಡುವವರೂ ಅಲ್ಲ. ಕೊನೆಗೆ ಷರತ್ತುಗಳನ್ನು ಹೇಳತೊಡಗಿದರು. ಕಾಳು, ತರಕಾರಿ, ಸೊಪ್ಪು ಎಲ್ಲವನ್ನೂ ಎರಡು ಸಲ ಕುದಿಸಿ ನೀರು ಚೆಲ್ಲಬೇಕು. ಹುಣಸೆ, ಶೇಂಗಾ ಬೇಡ. ಒಂದು ಸಣ್ಣ ಬಟ್ಟಲು, ಅಷ್ಟೇ. ಅಂಬಲಿಯನ್ನು ತುಟಿಗೆ ಹಚ್ಚಿದರೆ ಸಾಕು. ಹಿಂದಿನ ದಿನವೇ ಡಯಾಲಿಸಿಸ್ ಆಗಿರಬೇಕು, ಮರುದಿನ ಬೆಳಿಗ್ಗೆ ರಕ್ತ ಕೊಡಬೇಕು. "ಕಾಲು ಜರಾ ಭಾರ ಅನ್ನಿಸಿದ್ರೂ ಹೊತ್ತು ಗೊತ್ತು ನೋಡದಂಗ ಕರಕೊಂಡ್ ಬರ್ಬೇಕು. ಮಗನಿಗೆ ನೀವೇ ಹೇಳ್ರಿ," ಎಂದರು.

ಆ ವರ್ಷ ಅಮಾವಾಸ್ಯೆ ಬಿದ್ದದ್ದು ಶುಕ್ರವಾರ, ಅವ್ವನ ಪಾಳಿಯ ದಿನವೇ. ಗುರುವಾರದ ಜಾಗ ಬೇಕಿತ್ತು. ಗುರುವಾರ ಬರುತ್ತಿದ್ದವರಲ್ಲಿ ಗಂಜಿನಲ್ಲಿ, ಎಂದರೆ ಇಲ್ಲಿನ ಕಾಳುಕಡಿಯ ಪೇಟೆಯಲ್ಲಿ, ಅಂಗಡಿಯಿದ್ದ ಒಬ್ಬ ಹಿರಿಯರಿದ್ದರು. ಅವರ ಸ್ಥಿತಿಯಲ್ಲಿ ಒಂದು ದಿನ ತಡವಾದರೆ ನಡೆಯುತ್ತದೆ ಎಂದು ವೈದ್ಯರು ನೋಡಿ ಹೇಳಿದರು. ವಿಷಯ ತಿಳಿಸಿ ಕೇಳಿದೆ.

"ಬದಲ್ ಮಾಡ್ರಿ, ನಂದೇನದ," ಎಂದರು ಅವರು. "ನನಗೆಲ್ಲಿ ಹೊಲ? ತೊಗರಿ ನೋಡೂದು ನಾ ಚೀಲದಾಗೇ. ಆ ಅವ್ವಗ ಹೇಳ್ರಿ, ಭಜ್ಜಿ ವಾಸನಿ ಅರ ಸೆರಗಿನ್ಯಾಗ ಕಟ್ಟಿಕೊಂಡ್ ಬಾ ಅಂತ."

ಅಮಾವಾಸ್ಯೆಗೆ ಮೊದಲಿನ ಭಾನುವಾರ ನನಗೆ ರಜೆ. ಬಸವಕಲ್ಯಾಣದಿಂದ ಶೇರ್ ಆಟೋ ಹಿಡಿದು, ಭಜ್ಜಿಯನ್ನು ಮೊದಲೇ ಒಮ್ಮೆ ಮಾಡಿ ನೋಡಲೆಂದು ಮುಡಬಿಗೆ ಹೋದೆ. ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಸೊಸೆ ಒಳಗೆ ಎಲ್ಲವನ್ನೂ ಹಸನು ಮಾಡಿಟ್ಟಿದ್ದಳು. ನಾವಿಬ್ಬರೂ ಕೆಲಸಕ್ಕೆ ಇಳಿದೆವು. ಗಜ್ಜರಿಯನ್ನು ತೆಳ್ಳಗೆ ಹೆಚ್ಚಿ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆವು. ಹೆಚ್ಚಿದಷ್ಟೂ ಒಳಗಿನ ಲವಣ ಹೊರಗೆ ಬರಲು ದಾರಿಯಾಗುತ್ತದೆ. ಕಾಳುಗಳನ್ನು ದೊಡ್ಡ ಪಾತ್ರೆಯಲ್ಲಿ, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನೀರಿನಲ್ಲಿ ಕುದಿಸಿ ಬಸಿದೆವು. ಮತ್ತೆ ಹೊಸ ನೀರು, ಮತ್ತೆ ಕುದಿತ, ಮತ್ತೆ ಬಸಿಯುವುದು. ನೆನೆದ ಗಜ್ಜರಿಯನ್ನೂ ಸೊಪ್ಪನ್ನೂ ಹಾಗೆಯೇ ಕುದಿಸಿ ಬಸಿದು, ಸೊಪ್ಪನ್ನು ಹಿಂಡಿದೆವು. ಹಸಿರು ನೀರು ಬಚ್ಚಲ ಕಡೆ ಹರಿಯುವುದನ್ನು ಅವ್ವ ಕೂತಲ್ಲಿಂದಲೇ ನೋಡುತ್ತಿದ್ದರು.

"ರುಚಿಯೆಲ್ಲಾ ಚೆಲ್ಲಾಕತ್ತೀರಲ್ಲ!"

"ವಿಷ ಚೆಲ್ಲಾಕತ್ತೀವ್ರಿ ಅವ್ವಾ," ಎಂದೆ.

ಕಡಲೆಹಿಟ್ಟು ಕಲಸಿ, ಚಿಟಿಕೆ ಉಪ್ಪು ಹಾಕಿ, ಹುಣಸೆಯ ಬದಲು ನಿಂಬೆಯ ಕೆಲವು ಹನಿ ಹಿಂಡಿ ಮುಂದಿಟ್ಟೆವು. ಅವ್ವ ಬೆರಳಿನಲ್ಲಿ ತೆಗೆದು ಬಾಯಿಗಿಟ್ಟು, ಬಟ್ಟಲನ್ನು ಸರಿಸಿಬಿಟ್ಟರು. "ಇದು ಭಜ್ಜಿ ಅಲ್ಲ. ಎಮ್ಮಿ ಮುಂದ ಇಟ್ರೂ ಮೂಸಂಗಿಲ್ಲ."

ನಾನು ತಿಂದು ನೋಡಿದೆ. ಅವರ ಮಾತು ಸರಿಯಾಗಿತ್ತು. ಬೆಂದ ಹತ್ತಿಯನ್ನು ತಿಂದ ಹಾಗಿತ್ತು. ವೈದ್ಯರನ್ನು ಒಪ್ಪಿಸಿ, ಪಾಳಿ ಬದಲಿಸಿ, ಇಷ್ಟೆಲ್ಲ ಮಾಡಿ ಕೊನೆಗೆ ತಿನ್ನುವವರು ತಿನ್ನದಿದ್ದರೆ ಎಂದು ನನಗೆ ಮುಖ ಸಣ್ಣದಾಯಿತು. ಲವಣ ತೆಗೆಯುವುದು ನನಗೆ ಗೊತ್ತಿತ್ತು, ರುಚಿ ಮರಳಿ ತರುವುದು ಗೊತ್ತಿರಲಿಲ್ಲ.

ಸೊಸೆ ಒಲೆಯ ಮೇಲೆ ಸಣ್ಣ ಬಾಣಲೆ ಇಟ್ಟಳು. ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದಳು. ಜೀರಿಗೆ, ಅಜವಾನ, ಕುಟ್ಟಿದ ಹಸಿಮೆಣಸಿನಕಾಯಿ ಹಾಕಿದಳು. ಅದರೊಳಗೆ ಭಜ್ಜಿಯನ್ನು ಸುರಿದು, ಕೆದಕದೆ ಹಾಗೆಯೇ ಬಿಟ್ಟಳು. ತಳ ಸ್ವಲ್ಪ ಹಿಡಿದು, ಸುಟ್ಟ ಬೆಳ್ಳುಳ್ಳಿಯ ಘಮ ಪಡಸಾಲೆಯವರೆಗೆ ಹೋಯಿತು.

"ಬೆಳ್ಳೊಳ್ಳಿ ಇನ್ನೊಂದೀಟು ಹಾಕು," ಎಂದು ಬಾಗಿಲಿನಿಂದ ದನಿ ಬಂತು. ಅವ್ವ ಎದ್ದು ಬಂದಿದ್ದರು. ಮಣೆ ಎಳೆದುಕೊಂಡು ಒಲೆಯ ಬಳಿ ಕೂತರು. "ಉರಿ ಸಣ್ಣ ಮಾಡು. ಹಿಟ್ಟು ಹಸೀದು ಅದ ಇನ್ನಾ. ಹಾಂ, ಈಗ ತಿರುವು." ಸೊಸೆ ಅತ್ತೆ ಹೇಳಿದಂತೆ ತಿರುವಿದಳು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಚಮಚ ತೆಗೆದುಕೊಂಡು ಒಂದು ತುತ್ತು ನಿಧಾನವಾಗಿ ತಿಂದರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಹೂಂ," ಎಂದರು. "ಇದು ಭಜ್ಜಿ ಆಗಬಹುದು."

ಗುರುವಾರ ಅವ್ವನಿಗೆ ಪೂರ್ತಿ ಹೊತ್ತು ಡಯಾಲಿಸಿಸ್ ಮಾಡಿದೆ. ಡ್ರೈ ವೇಟನ್ನು ಇನ್ನೊಂದು ಹಂತ ಇಳಿಸಿದ್ದೆವು, ಈ ಸಲ ಸೆಳೆತ ಬರಲಿಲ್ಲ. ಶುಕ್ರವಾರ ನನ್ನ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಿ ನಾನೂ ಹೊಲಕ್ಕೆ ಹೋದೆ. ಆಟೋದಲ್ಲಿ ಎಲ್ಲರ ತೊಡೆಯ ಮೇಲೂ ಬಟ್ಟೆ ಮುಚ್ಚಿದ ಬುಟ್ಟಿಗಳು. ದಾರಿಯುದ್ದಕ್ಕೂ ಜೋಳ ಎದೆಯೆತ್ತರ ನಿಂತಿತ್ತು, ತೊಗರಿ ಕಾಯಿ ಕಟ್ಟಿ ಬಾಗಿತ್ತು.

ಅವ್ವನ ಹೊಲ ಚಿಕ್ಕದು, ಬಂದವರು ಬಹಳ. ಪೂಜೆ ಮುಗಿದು, ಮಗ ಹೊಲದ ಸುತ್ತ ಚರಗ ಚೆಲ್ಲಿ ಬಂದ ಮೇಲೆ ಎಲ್ಲರೂ ಸಾಲಾಗಿ ಕೂತರು. ಅವ್ವನನ್ನು ಬೇವಿನ ಮರದ ನೆರಳಿನಲ್ಲಿ ಕೂರಿಸಿದ್ದರು. ಅವರ ನಾದಿನಿ ಬೇರೆ ಊರಿನಿಂದ ಬಂದಿದ್ದರು, ದೊಡ್ಡ ದನಿಯ ಹೆಂಗಸು. ದೊಡ್ಡ ಪಾತ್ರೆಯಿಂದ ಸೌಟು ತುಂಬ ಭಜ್ಜಿ ಎತ್ತಿಕೊಂಡು ನೇರ ಅವ್ವನ ತಾಟಿನ ಕಡೆ ಬಂದರು.

"ವೈನಿ, ತಿನ್ನು. ವರ್ಷಕ್ಕೊಂದಿನ ತಿಂದ್ರ ಏನಾಗ್ತದ? ಹೊಲದಾಗ ಕೂತು ಭಜ್ಜಿ ಬ್ಯಾಡ ಅಂತಾರೇನು? ಹೆಂಗ ಸೊರಗೀದಿ ನೋಡು. ಇವರು ನಿನಗ ಹೊಟ್ಟಿತುಂಬ ಹಾಕಂಗಿಲ್ಲೇನು?"

ಸೊಸೆ ಅಲ್ಲೇ ರೊಟ್ಟಿ ಹಂಚುತ್ತಿದ್ದವಳು ತಲೆ ತಗ್ಗಿಸಿದಳು. ನಾನು ಏಳಲು ಹೋದೆ. ಅಷ್ಟರಲ್ಲಿ ಅವ್ವ ತಾಟಿನ ಮೇಲೆ ಅಂಗೈ ಅಡ್ಡ ಇಟ್ಟರು.

"ಬ್ಯಾಡ. ನನ್ನ ಭಜ್ಜಿ ಬ್ಯಾರೆ ಅದ. ಅದನ್ನ ನನ್ನ ಸೊಸಿ ಮಾಡ್ಯಾಳ." ಸುತ್ತ ಕೂತವರೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಎರಡೆರಡು ಸಲ ಕುದಿಸಿ, ಬಸದು, ಹುರದು ಮಾಡ್ಯಾಳ. ಈಕಿ ಇದ್ದಾಳಂತ ನಾ ಇವತ್ತ ಹೊಲಕ್ಕ ಬಂದು ಕೂತೀನಿ. ನೀ ಸುಮ್ಮ ಕೂತು ಉಣ್ಣು."

ನಾದಿನಿ ಸೌಟನ್ನು ಹಾಗೆಯೇ ಹಿಡಿದು ನಿಂತರು, ಆಮೇಲೆ ಪಕ್ಕದವರ ತಾಟಿಗೆ ಬಡಿಸಿ ಹೋದರು. ಸೊಸೆ ಸಣ್ಣ ಬಟ್ಟಲು ತಂದು ಅವ್ವನ ಮುಂದಿಟ್ಟಳು. ಅವ್ವ ಸಜ್ಜೆ ರೊಟ್ಟಿಯ ತುಂಡು ಮುರಿದು, ಭಜ್ಜಿ ಹಚ್ಚಿ ತಿನ್ನತೊಡಗಿದರು.

ಎದುರು ಸಾಲಿನಲ್ಲಿ ಕೂತಿದ್ದ ಮಗ ಇದನ್ನೆಲ್ಲ ನೋಡುತ್ತಿದ್ದ. ಹೆಂಡತಿ ಅವನ ಮುಂದೆ ಬಂದಾಗ ತಾಟನ್ನು ಎತ್ತಿ ಹಿಡಿದ.

"ಅವ್ವಗ ಮಾಡಿದ್ದರಾಗ ಜರಾ ಉಳದದೇನು?"

"ಉಳದದ್ರಿ. ಸಪ್ಪಗ ಅದ, ನಿಮಗ ಸೇರಂಗಿಲ್ಲ."

"ಇರಲಿ, ಹಾಕು. ನನಗೂ ಅದೇ ಹಾಕು," ಎಂದ. ಆಮೇಲೆ ದನಿ ತಗ್ಗಿಸಿ ಇನ್ನೇನೋ ಹೇಳಿದ. ಅದು ನನಗೆ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು, ಏಕೆಂದರೆ ಬಡಿಸುತ್ತಿದ್ದ ಕೈ ಕ್ಷಣ ನಿಂತು, ಮತ್ತೆ ಮುಂದುವರಿಯಿತು.

ಅವ್ವ ಬಟ್ಟಲನ್ನು ಬೆರಳಿನಿಂದ ಬಳಿದು ತಿಂದರು. ಅಂಬಲಿಯ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಟ್ಟರು. ಅಂದು ಮನೆಗೆ ಮರಳುವಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಿತ್ತು. ಎರಡು ಸಲ ಫೋನ್ ಮಾಡಿ ಕಾಲು ಹೇಗಿವೆ ಎಂದು ಕೇಳಿದೆ. ಎರಡನೆಯ ಸಲ ಅವ್ವನೇ ಫೋನ್ ಇಸಿದುಕೊಂಡು, "ಕಾಲು ಅವ, ತಂಗಿ. ಮಲಕೋ," ಎಂದರು.

ಶನಿವಾರ ಬೆಳಿಗ್ಗೆ ಮೂವರೂ ಬಂದರು. ಅವ್ವ ತಾವೇ ನಡೆದು ಬಂದು ತೂಕದ ಯಂತ್ರವನ್ನು ಹತ್ತಿದರು. ರಕ್ತ ತೆಗೆದು ಕಳಿಸಿದೆ. ವರದಿ ಬರುವವರೆಗೆ ನಾನು ಮಾಡಿದ ಕೆಲಸವೇನು ಎಂದು ಕೇಳಿದರೆ ಈಗ ನೆನಪಿಲ್ಲ. ವೈದ್ಯರು ವರದಿ ನೋಡಿ ನನ್ನ ಕಡೆ ಚಾಚಿದರು. ಪೊಟ್ಯಾಸಿಯಂ ಸ್ವಲ್ಪ ಏರಿತ್ತು, ಎರಡು ಪಾಳಿಗಳ ನಡುವೆ ಯಾರಿಗಾದರೂ ಏರುವಷ್ಟೇ.

"ಚಲೋ ಅದ," ಎಂದರು. "ಆ ಅಡಗಿ ಮಾಡೂ ರೀತಿ ಎಲ್ಲಾರಿಗೂ ತಿಳಿಯೂ ಹಂಗ ಹೇಳಿಕೊಡ್ರಿ. ಮುಂದಿನ ಹಬ್ಬಕ್ಕ ಬ್ಯಾಡ ಅಂತ ಅಂದು ಕೈ ತೊಳಕೊಳ್ಳೂದು ಬ್ಯಾಡ."

ಹೊರಗೆ ಬಂದು ಅವ್ವನಿಗೆ ಹೇಳಿದೆ. ಅವರು ವರದಿಯ ಬಗ್ಗೆ ಏನೂ ಕೇಳಲಿಲ್ಲ. ಮಗನ ಕಡೆ ತಿರುಗಿ, "ಹೊಟ್ಟಿ ಹಸದದ. ಇಲ್ಲಿ ಇಡ್ಲಿ ಎಲ್ಲಿ ಸಿಗ್ತಾವ ನೋಡು," ಎಂದರು. ಅವನು ಓಡಿದ. ಇಡ್ಲಿ ಬಂದಾಗ ಸಾಂಬಾರಿನ ಪೊಟ್ಟಣವನ್ನು ತಾವೇ ಎತ್ತಿ ಆಚೆ ಇಟ್ಟು, ಎರಡು ಇಡ್ಲಿಗಳನ್ನು ಬೆಂಚಿನ ಮೇಲೆ ಕೂತು ಪೂರ್ತಿ ತಿಂದರು.

ಒಂದು ಬಟ್ಟಲು ಭಜ್ಜಿಯಿಂದ ಯಾರ ರೋಗವೂ ಗುಣವಾಗುವುದಿಲ್ಲ. ಅವ್ವನಿಗೆ ಯಂತ್ರ ತಪ್ಪಿದ್ದಲ್ಲ. ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಾಗ ಬಾಯಾರಿಕೆಯ ಕಷ್ಟ ಬೇರೆ ಶುರುವಾಯಿತು. ಆದರೆ ಆ ಮನೆಯಲ್ಲಿ ದಿನದ ಅಡುಗೆ ಮತ್ತೆ ಅಡುಗೆಯಾಯಿತು. ಸೊಸೆ ಬೇಳೆಯನ್ನು ಹೇಗೆ ಮಾಡಿದರೆ ಅವ್ವ ಉಣ್ಣುತ್ತಾರೆ, ಯಾವುದನ್ನು ಸರಿಸುತ್ತಾರೆ ಎಂದು ಪ್ರತಿ ಪಾಳಿಯಲ್ಲೂ ಬಂದು ಹೇಳುತ್ತಿದ್ದಳು. ಗೋಡೆಯ ಚಿತ್ರಗಳನ್ನು ನಾವು ತೆಗೆಯಲಿಲ್ಲ, ಅವುಗಳ ಮುಂದೆ ನಿಂತು ಆಡುವ ಮಾತು ಮಾತ್ರ ಬದಲಾಯಿತು.

ಯುಗಾದಿ ಹತ್ತಿರ ಬಂದಾಗ ಒಂದು ಮಂಗಳವಾರ ವೈದ್ಯರು ಅವ್ವನ ಪಾದ ಒತ್ತಿ ನೋಡಿದರು. ಗುಳಿ ಬೀಳಲಿಲ್ಲ. ಎದೆಗೆ ಕೊಳವೆ ಇಟ್ಟು ಕೇಳಿದರು, ಅಂಗಾತ ಮಲಗಿಸಿದರು, ಕೆಮ್ಮು ಬರಲಿಲ್ಲ. ರಕ್ತದಲ್ಲಿ ಪ್ರೋಟೀನ್ ಮೆಲ್ಲಗೆ ಏರಿತ್ತು. ನಾವು ಮೂರು ತಿಂಗಳ ಹಿಂದೆ ಹಂತಹಂತವಾಗಿ ಇಳಿಸಿದ್ದ ಡ್ರೈ ವೇಟನ್ನು ಅಂದು ಅರ್ಧ ಕಿಲೋ ಮೇಲಕ್ಕೆ ಏರಿಸಲು ಹೇಳಿದರು.

ನಾನು ಯಂತ್ರದಲ್ಲಿ ಅಂಕಿ ಬದಲಿಸುತ್ತಿದ್ದಾಗ ಅವ್ವ ಗಾಬರಿಯಿಂದ ಕೇಳಿದರು, "ಯಾಕ ತಂಗಿ, ತೂಕ ಹೆಚ್ಚಾಗ್ಯದ? ಮತ್ತ ನೀರು ತುಂಬ್ಯದೇನು?"

"ಇಲ್ರಿ ಅವ್ವಾ," ಎಂದೆ. "ಈ ಸಲ ಹೆಚ್ಚಾಗಿದ್ದು ನೀರಲ್ಲ. ನೀವೇ."